ಬಸ್ಸಿನ ಬಗ್ಗೆ ಯಾರೂ ಮಾತಾಡಲಿಲ್ಲ

ಹೋದ ತಿಂಗಳು ನಮ್ಮ ಜಿಲ್ಲಾ ಕೇಂದ್ರದಲ್ಲಿ ಒಂದು ಕಾರ್ಯಾಗಾರ ನಡೆಯಿತು. ವಿಷಯ, ಲೈಂಗಿಕ ಶೋಷಣೆಗೆ ಒಳಗಾದ ಮಕ್ಕಳ ರಕ್ಷಣೆ ಮತ್ತು ಪುನರ್ವಸತಿ. ಹಿಂದೆ ದೊಡ್ಡ ಬ್ಯಾನರು, ಮುಂದೆ ನೀರಿನ ಬಾಟಲಿ, ಬೆಳಿಗ್ಗೆ ಉಪ್ಪಿಟ್ಟು, ಮಧ್ಯಾಹ್ನ ಊಟ. ವೇದಿಕೆ ಮೇಲೆ ಹನ್ನೊಂದು ಜನ ಕೂತಿದ್ದರು. ಪೊಲೀಸರು, ವೈದ್ಯರು, ವಕೀಲರು, ಇಲಾಖೆಯವರು, ಎರಡು ಸಂಸ್ಥೆಯವರು. ಸ್ವಾಗತ, ದೀಪ, ಭಾಷಣ, ಪಿಪಿಟಿ ಎಲ್ಲಾ ಮುಗಿಯುವಾಗ ಮೂರೂವರೆ ಗಂಟೆ ಆಗಿತ್ತು. ನಾವು ಹಿಂದಿನ ಸಾಲಿನಲ್ಲಿ ಕೂತು ನೋಟ್ಸ್ ಮಾಡಿಕೊಂಡೆವು. ಇಪ್ಪತ್ತು ಸಾಲಿನ ಸುದ್ದಿ, ಒಂದು ಫೋಟೊ. ನಮ್ಮ ಕೆಲಸ ಅಷ್ಟೇ.

ಸಂಜೆ ಒಬ್ಬ ಹುಡುಗಿಗೆ ಫೋನ್ ಮಾಡಿದೆವು. ಈಗ ಆಕೆ ಹುಡುಗಿಯಲ್ಲ, ಹದಿನೆಂಟು ದಾಟಿದ್ದಾಳೆ, ದುಡಿಯುತ್ತಾಳೆ. ಕೆಲವು ವರ್ಷಗಳ ಹಿಂದೆ ಆಕೆಯ ಕೇಸಿನ ಸುದ್ದಿ ಬರೆದಿದ್ದು ನಾವೇ. ಆ ಸುದ್ದಿಯ ವಿಚಾರಕ್ಕೆ ಆಮೇಲೆ ಬರುತ್ತೇವೆ. ಇಂತಿಂಥ ಸಭೆ ಆಯಿತು, ಇಂತಿಂಥವರು ಮಾತಾಡಿದರು ಎಂದೆವು. ಆಕೆ ಎಲ್ಲಾ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದಳು.

"ಬಸ್ಸಿನ ಬಗ್ಗೆ ಯಾರರ ಮಾತಾಡಿದ್ರೇನ್ರಿ ಅಣ್ಣ?"

ನಮಗೆ ಮೊದಲು ಅರ್ಥ ಆಗಲಿಲ್ಲ. ಆಮೇಲೆ ಬಿಡಿಸಿ ಹೇಳಿದಳು. ಅವರ ಊರಿಂದ ತಾಲ್ಲೂಕಿಗೆ ಬೆಳಿಗ್ಗೆ ಒಂದೇ ಬಸ್ಸು. ಕೋರ್ಟಿನ ತಾರೀಖು ಇದ್ದ ದಿನ ಆಕೆ, ಆಕೆಯ ಅವ್ವ ಆ ಬಸ್ಸು ಹತ್ತಬೇಕು. ಆರೋಪಿಯ ಕಡೆಯವರೂ ಅದೇ ಬಸ್ಸು ಹತ್ತುತ್ತಾರೆ. ಅವನ ಅಣ್ಣ, ಚಿಕ್ಕಪ್ಪ, ಇಬ್ಬರು ಹೆಂಗಸರು. ಒಂದೂಕಾಲು ಗಂಟೆ ಪ್ರಯಾಣ. ಯಾರೂ ಬೈಯುವುದಿಲ್ಲ, ಹೊಡೆಯುವುದಿಲ್ಲ. ಸುಮ್ಮನೆ ನೋಡುತ್ತಾರೆ, ತಮ್ಮತಮ್ಮಲ್ಲೇ ನಗುತ್ತಾರೆ. "ಕೋರ್ಟಿನ್ಯಾಗ ಪರದೆ ಹಾಕಿದ್ರು ರೀ, ಅವನ ಮುಖ ಕಾಣದಂಗ. ಬಸ್ಸಿನ್ಯಾಗ ಪರದೆ ಎಲ್ಲಿಂದ ತರೂದು?"

ಪೋಕ್ಸೊ ಕಾಯ್ದೆ 2012ರದ್ದು. ಅದರ 36ನೇ ಕಲಮಿನಲ್ಲಿ, ಸಾಕ್ಷಿ ಹೇಳುವಾಗ ಮಗು ಆರೋಪಿಯ ಎದುರಿಗೆ ಬರದಂತೆ ನೋಡಿಕೊಳ್ಳಬೇಕು ಎಂದಿದೆ. ಒಳ್ಳೆಯ ಕಲಮು. ಅದನ್ನು ಬರೆದವರು ಕೋರ್ಟಿನ ಒಳಗನ್ನು ಬಲ್ಲವರು. ಆದರೆ ಅವರು ನಮ್ಮ ಊರಿನ ಬಸ್ಸು ಹತ್ತಿದವರಲ್ಲ. ಹತ್ತಿದವಳನ್ನು ಯಾರೂ ಕೇಳಲಿಲ್ಲ.

ಇದನ್ನು ನಾವು ಒಬ್ಬ ಅಧಿಕಾರಿಯ ಕಿವಿಗೆ ಹಾಕಿದೆವು. ಅವರು ಕೆಟ್ಟವರೇನಲ್ಲ. "ಈಗ ಹೆಣ್ಣುಮಕ್ಕಳಿಗೆ ಬಸ್ ಫ್ರೀ ಇದೆಯಲ್ರಿ, ಶಕ್ತಿ ಯೋಜನೆ" ಎಂದರು. ಟಿಕೆಟ್ಟಿನ ಮಾತು ಆಕೆ ಆಡಿಯೇ ಇರಲಿಲ್ಲ!

ತಮಾಷೆ ಏನೆಂದರೆ ಇದಕ್ಕೆ ಮದ್ದು ಸರ್ಕಾರದ ಪುಸ್ತಕದಲ್ಲೇ ಇದೆ. 2020ರ ಪೋಕ್ಸೊ ನಿಯಮಗಳ 8ನೇ ನಿಯಮ ಓದಿ. ಊಟ, ಬಟ್ಟೆ, ಸಾರಿಗೆ ಮುಂತಾದ ತುರ್ತು ಅಗತ್ಯಕ್ಕೆ ಮಗುವಿಗೆ ಕೂಡಲೇ ಹಣ ಕೊಡಲು ಮಕ್ಕಳ ಕಲ್ಯಾಣ ಸಮಿತಿ ಶಿಫಾರಸು ಮಾಡಬಹುದು. ಶಿಫಾರಸು ತಲುಪಿದ ಒಂದು ವಾರದೊಳಗೆ ಹಣ ಕೊಡಬೇಕು. ಸಾರಿಗೆ ಅನ್ನುವ ಪದ ಅಲ್ಲೇ ಇದೆ. ಬೇರೆ ಗಾಡಿ ಮಾಡಿಕೊಂಡು ಹೋಗುವಷ್ಟು ದುಡ್ಡು ಕೊಡಿಸಲು ಇದಕ್ಕಿಂತ ಇನ್ನೇನು ಬೇಕು? ಆದರೆ ಬಸ್ಸೇ ಸಮಸ್ಯೆ ಅಂತ ಗೊತ್ತಿದ್ದವಳು ಸಭೆಯಲ್ಲಿರಲಿಲ್ಲ. ನಿಯಮ ಗೊತ್ತಿದ್ದವರು ಬಸ್ಸಿನಲ್ಲಿರಲಿಲ್ಲ.

ನಾವು ಈ ಬರಹದಲ್ಲಿ ಜಗಳ ತೆಗೆಯುತ್ತಿರುವುದು ಇದೇ ವಿಚಾರಕ್ಕೆ. ಲೈಂಗಿಕ ಶೋಷಣೆ ಅನುಭವಿಸಿದ ಮಕ್ಕಳಿಗಾಗಿ ಯೋಜನೆ ಮಾಡುವವರು, ಸಮಿತಿಯಲ್ಲಿ ಕೂರುವವರು, ಬಾಲಮಂದಿರ ನಡೆಸುವವರು, ಕೌನ್ಸೆಲಿಂಗ್ ಮಾಡುವವರು ಆ ದಾರಿಯಲ್ಲಿ ನಡೆದು ಬಂದವರನ್ನು ಕೇಳದೆ ಏನನ್ನೂ ತೀರ್ಮಾನ ಮಾಡಬಾರದು. ಕೇಳುವುದೂ ಉಪಕಾರ ಎಂದಲ್ಲ. ಅವರಿಗೆ ಕುರ್ಚಿ ಬೇಕು, ಮಾತಿಗೆ ಬೆಲೆ ಬೇಕು, ಬಂದು ಹೋಗುವ ಖರ್ಚು ಬೇಕು.

ಇದೇನು ನಾವು ಹೊಸದಾಗಿ ಕಂಡುಹಿಡಿದ ಮಾತಲ್ಲ. ಮಕ್ಕಳಿಗೆ ಸಂಬಂಧಿಸಿದ ವಿಚಾರದಲ್ಲಿ ಮಕ್ಕಳ ಅಭಿಪ್ರಾಯ ಕೇಳಬೇಕು ಎಂದು ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿ ಹೇಳುತ್ತದೆ. ಭಾರತ ಅದಕ್ಕೆ ಒಪ್ಪಿದ್ದು 1992ರಲ್ಲಿ. 2015ರ ಬಾಲನ್ಯಾಯ ಕಾಯ್ದೆಯ 3ನೇ ಕಲಮಿನಲ್ಲೂ ಭಾಗವಹಿಸುವಿಕೆಯ ತತ್ವ ಎಂದೇ ಬರೆದಿದ್ದಾರೆ. ಕಾಯ್ದೆಯ ಮೊದಲ ಪುಟಗಳಲ್ಲಿ ಇಷ್ಟು ಬರೆದವರು ಸಮಿತಿ ಮಾಡುವ ಪುಟಕ್ಕೆ ಬಂದಾಗ ಮರೆತುಬಿಟ್ಟರು. ಮಕ್ಕಳ ಕಲ್ಯಾಣ ಸಮಿತಿಯಲ್ಲಿ ಒಬ್ಬರು ಅಧ್ಯಕ್ಷರು, ನಾಲ್ಕು ಜನ ಸದಸ್ಯರು. ಕೇಂದ್ರದ 2016ರ ಮಾದರಿ ನಿಯಮಗಳ ಪ್ರಕಾರ ಅವರಿಗೆ 35 ವರ್ಷ ದಾಟಿರಬೇಕು. ಶಿಕ್ಷಣ, ಆರೋಗ್ಯ ಅಥವಾ ಕಲ್ಯಾಣದ ಕ್ಷೇತ್ರದಲ್ಲಿ ಮಕ್ಕಳ ಜೊತೆ ಏಳು ವರ್ಷ ಕೆಲಸ ಮಾಡಿರಬೇಕು, ಇಲ್ಲವೇ ಮನಶ್ಶಾಸ್ತ್ರ, ಕಾನೂನು, ಸಮಾಜಕಾರ್ಯ ಇಂಥದ್ದರಲ್ಲಿ ಪದವಿ ಇದ್ದು ವೃತ್ತಿ ಮಾಡುತ್ತಿರಬೇಕು. (ನಮಗೇ ಇನ್ನೂ ಆ ವಯಸ್ಸು ಆಗಿಲ್ಲ.) ಓದಿದವರು ಬೇಡ ಎನ್ನುವಷ್ಟು ದಡ್ಡರು ನಾವಲ್ಲ. ಆದರೆ ಏಳು ವರ್ಷ ಬಾಲಮಂದಿರ ನಡೆಸಿದ್ದು ಅನುಭವ, ಏಳು ವರ್ಷ ಬಾಲಮಂದಿರದಲ್ಲಿ ಬೆಳೆದದ್ದು ಅನುಭವ ಅಲ್ಲ ಅನ್ನುವ ಲೆಕ್ಕ ಯಾವ ಊರಿನದು?

ಅದೇ ಮಾದರಿ ನಿಯಮಗಳಲ್ಲಿ ಇನ್ನೊಂದು ವಿಷಯವಿದೆ, ಬಹಳ ಜನಕ್ಕೆ ಗೊತ್ತಿಲ್ಲ. ಮಕ್ಕಳನ್ನು ಇಟ್ಟುಕೊಳ್ಳುವ ಪ್ರತಿ ಸಂಸ್ಥೆಯಲ್ಲೂ ಮಕ್ಕಳದೇ ಸಮಿತಿ ಇರಬೇಕು. 6ರಿಂದ 10, 11ರಿಂದ 15, 16ರಿಂದ 18, ಹೀಗೆ ಮೂರು ವಯಸ್ಸಿನವರಿಗೆ ಬೇರೆಬೇರೆ. ದಿನಚರಿ ಹೇಗಿರಬೇಕು, ಊಟ ಏನಿರಬೇಕು, ಯಾರಾದರೂ ಹಿಂಸೆ ಕೊಟ್ಟರೆ ಹೇಳುವುದು, ಇವೆಲ್ಲ ಆ ಸಮಿತಿಯ ಕೆಲಸ. ಸಲಹಾ ಪೆಟ್ಟಿಗೆ ಬೇಕು, ಅದೂ ಆಫೀಸಿನಿಂದ ದೂರ, ಮಕ್ಕಳ ಕೈಗೆ ಎಟುಕುವಲ್ಲಿ. ವಾರಕ್ಕೊಮ್ಮೆ ತೆಗೆದು ನೋಡಬೇಕು.

ನಾವು ಒಂದು ಕಡೆ ಆ ಸಮಿತಿಯ ರಿಜಿಸ್ಟರ್ ನೋಡಿದ್ದೇವೆ. ಯಾವ ಊರು, ಯಾವ ಮನೆ ಬೇಡ. ಹನ್ನೆರಡು ತಿಂಗಳ ನಡಾವಳಿ ಒಂದೇ ಕೈಬರಹ, ಒಂದೇ ನೀಲಿ ಪೆನ್ನು. ಪ್ರತಿ ತಿಂಗಳೂ "ಮಕ್ಕಳು ಊಟದ ಬಗ್ಗೆ ತೃಪ್ತಿ ವ್ಯಕ್ತಪಡಿಸಿದರು." ಹಾಸ್ಟೆಲ್ಲಿನಲ್ಲಿ ಓದಿದವರು ಯಾರಾದರೂ ಇದ್ದರೆ ಹೇಳಿ, ವರ್ಷಪೂರ್ತಿ ಊಟದ ಬಗ್ಗೆ ತೃಪ್ತಿ ಪಟ್ಟ ಮಕ್ಕಳನ್ನು ಎಲ್ಲಾದರೂ ಕಂಡಿದ್ದೀರಾ? ಸಲಹಾ ಪೆಟ್ಟಿಗೆ ಆಫೀಸ್ ಬಾಗಿಲ ಪಕ್ಕದಲ್ಲೇ ಇತ್ತು. ಬೀಗ ತುಕ್ಕು ಹಿಡಿದಿತ್ತು.

ಈಗ ನಮ್ಮ ತಪ್ಪಿಗೆ ಬರುತ್ತೇವೆ. ಬೇರೆಯವರಿಗೆ ಬೆರಳು ತೋರಿಸುವ ಮುಂಚೆ ಹೇಳಿಬಿಡುವುದು ವಾಸಿ.

ಈ ಹುಡುಗಿಯ ಸುದ್ದಿ ಬರೆದಾಗ ನಾವು ಹೆಸರು ಹಾಕಲಿಲ್ಲ. ಡಿಪ್ಲೊಮಾದಲ್ಲಿ ಅಷ್ಟು ಕಲಿಸಿದ್ದರು. ಆದರೆ ಊರ ಹೆಸರು ಹಾಕಿದೆವು. ತರಗತಿ ಹಾಕಿದೆವು. ಆಕೆಯ ತಂದೆ ಏನು ಕೆಲಸ ಮಾಡುತ್ತಾರೆ ಅಂತಲೂ ಬರೆದೆವು. ಮುನ್ನೂರು ಮನೆ ಇರುವ ಊರಿನಲ್ಲಿ ಆ ಕೆಲಸ ಮಾಡುವವರು ಒಬ್ಬರೇ. ಮಾರನೆ ದಿನ ಪೇಪರು ಹೋಟೆಲಿನಲ್ಲಿ ಕೈಯಿಂದ ಕೈಗೆ ಹೋಯಿತು. ಗುರುತು ಸಿಗುವಂಥ ಯಾವ ವಿವರವನ್ನೂ ಮಾಧ್ಯಮದಲ್ಲಿ ಹಾಕಬಾರದು ಎಂದು ಪೋಕ್ಸೊ 23ನೇ ಕಲಮು ಹೇಳುತ್ತದೆ. ಮನೆ, ಶಾಲೆ, ಕುಟುಂಬ, ನೆರೆಹೊರೆ ಎಲ್ಲವೂ ಅದರಲ್ಲಿ ಸೇರಿವೆ. ಹಾಕಿದರೆ ಆರು ತಿಂಗಳಿಗೆ ಕಡಿಮೆ ಇಲ್ಲದ ಜೈಲು ಆಗಬಹುದು. ಡೆಸ್ಕಿನವರು ತೆಗೆಯಲಿಲ್ಲ, ನಾವು ಮೊದಲೇ ಹಾಕಬಾರದಿತ್ತು. ಯಾರೂ ಕೇಸು ಹಾಕಲಿಲ್ಲ. ಶಿಕ್ಷೆ ಆದದ್ದು ಆಕೆಗೆ, ಶಾಲೆ ಬಿಟ್ಟಳು.

ಎರಡು ವರ್ಷ ಆದಮೇಲೆ ಒಮ್ಮೆ ಸಿಕ್ಕಾಗ ಕ್ಷಮೆ ಕೇಳಿದೆವು. ಆಕೆ ಅಂದದ್ದು ಇಷ್ಟು. "ಬರೆಯೋ ಮುಂದ ಒಂದ್ ಮಾತು ನಮ್ಮ ಅವ್ವಗ ಓದಿ ಹೇಳಿದ್ರ, ಇದು ತೆಗೀರಿ ಅಂತಿದ್ಲಲ್ರಿ." ಹತ್ತು ನಿಮಿಷದ ಕೆಲಸ. ಅಂದಿನಿಂದ ನಮ್ಮ ಗುಂಪಿನಲ್ಲಿ ಇಂಥ ಸುದ್ದಿ ಯಾರೇ ಬರೆದರೂ ಮನೆಯವರು ಒಪ್ಪಿದರೆ ಮೊದಲು ಅವರಿಗೆ ಓದಿ ಹೇಳುತ್ತೇವೆ. ಒಂದು ದಿನ ತಡ ಆಗುತ್ತದೆ. ಆಗಲಿ. ಈ ಬರಹವನ್ನೂ ಆಕೆಗೆ ಓದಿ ಹೇಳಿದ್ದೇವೆ. ಎರಡು ಕಡೆ ತೆಗೆಸಿದ್ದಾಳೆ, ಗುರುತು ಸಿಗುವ ಒಂದೆರಡು ವಿವರ ಬದಲಿಸಿದ್ದೇವೆ.

"ಮಕ್ಕಳಿಗೆ ಏನು ತಿಳಿಯುತ್ತದೆ ಸ್ವಾಮಿ?" ಎಂದು ಕೇಳುವವರು ಇದ್ದಾರೆ. ನಮ್ಮ ಕಾಮೆಂಟಿನಲ್ಲೂ ಬರುತ್ತಾರೆ, ಗೊತ್ತು. ಅವರಿಗೆ ಕೆಲವು ಮಾತು.

1990ರಲ್ಲಿ ನಮ್ಮದೇ ರಾಜ್ಯದಲ್ಲಿ ದುಡಿಯುವ ಮಕ್ಕಳು ಭೀಮ ಸಂಘ ಕಟ್ಟಿಕೊಂಡರು. ಮುಂದೆ ಕುಂದಾಪುರದ ಕಡೆ ಮಕ್ಕಳ ಪಂಚಾಯಿತಿಗಳು ನಡೆದವು. ಮಳೆಗಾಲದಲ್ಲಿ ತೋಡು ದಾಟಿ ಶಾಲೆಗೆ ಹೋಗಲು ಕಾಲುಸಂಕ ಬೇಕು ಎಂಬುದು ದೊಡ್ಡವರ ಪಂಚಾಯಿತಿಯ ಪಟ್ಟಿಯಲ್ಲಿ ಮೇಲೆ ಬರುವುದಿಲ್ಲ. ದಾಟುವ ಮಕ್ಕಳ ಪಟ್ಟಿಯಲ್ಲಿ ಅದೇ ಮೇಲೆ. ಇವತ್ತು ರಾಜ್ಯದ ಗ್ರಾಮ ಪಂಚಾಯಿತಿಗಳಲ್ಲಿ ಮಕ್ಕಳ ಗ್ರಾಮಸಭೆ ನಡೆಯುತ್ತಿದೆ ಎಂದರೆ ಅದರ ಹಿಂದೆ ಅಂಥ ಮಕ್ಕಳಿದ್ದಾರೆ.

ದೇವದಾಸಿ ವಿಚಾರ ತೆಗೆದುಕೊಳ್ಳಿ. ನಮ್ಮ ಕಡೆಯವರಿಗೆ ಇದನ್ನು ವಿವರಿಸಬೇಕಿಲ್ಲ. 1982ರ ಕಾಯ್ದೆ ಮುಖ್ಯವಾಗಿ ಮುತ್ತು ಕಟ್ಟುವುದನ್ನು ನಿಷೇಧಿಸಿತು, ಕಟ್ಟಿಸಿದವರಿಗೆ ಶಿಕ್ಷೆ ಎಂದಿತು. ಸರಿಯೇ. ಆದರೆ ಆ ತಾಯಂದಿರ ಮಕ್ಕಳು ಶಾಲೆಗೆ ಸೇರುವಾಗ, ಜಾತಿ ಪತ್ರ ಮಾಡಿಸುವಾಗ, ಅರ್ಜಿಯಲ್ಲಿ "ತಂದೆಯ ಹೆಸರು" ಎಂಬ ಕಾಲಮಿನ ಮುಂದೆ ನಿಂತು ಬೆವರಿದರು. ಆ ಖಾಲಿ ಕಾಲಮು ಎಷ್ಟು ಸುಡುತ್ತದೆ ಎಂಬುದು ಬೆಂಗಳೂರಿನ ಕಚೇರಿಗೆ ಹೇಗೆ ಗೊತ್ತಾಗಬೇಕು? ವಿಮುಕ್ತ ದೇವದಾಸಿಯರು ಮತ್ತು ಅವರ ಮಕ್ಕಳು ಸಂಘಟನೆ ಕಟ್ಟಿಕೊಂಡು ವರ್ಷಗಟ್ಟಲೆ ಕೇಳಿದರು. 2025ರಲ್ಲಿ ವಿಧಾನಮಂಡಲ ಒಪ್ಪಿದ ಹೊಸ ದೇವದಾಸಿ ಕಾನೂನಿನಲ್ಲಿ ತಂದೆಯ ಹೆಸರು ಕಡ್ಡಾಯ ಮಾಡಬಾರದು ಎಂಬುದೂ ಬಂತು, ತಂದೆ ಯಾರೆಂದು ಗುರುತಿಸಿ ಹಕ್ಕು ಕೇಳುವ ದಾರಿಯೂ ಬಂತು. ಅನುಭವಿಸಿದವರು ಕಾನೂನಿನ ಹತ್ತಿರ ಬಂದಾಗ ಕಾನೂನು ಹೇಗೆ ಬದಲಾಗುತ್ತದೆ ನೋಡಿ. ಜಾರಿ ಹೇಗೆ ಆಗುತ್ತದೆ ಎಂಬುದು ಬೇರೆ ಜಗಳ, ಅದನ್ನು ಇನ್ನೊಮ್ಮೆ ಆಡೋಣ.

ಪಶ್ಚಿಮ ಬಂಗಾಳದ ಒಂದು ಪ್ರಕರಣ 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟಿನಲ್ಲಿ ಮುಗಿಯಿತು. ಹದಿನಾಲ್ಕು ವರ್ಷದ ಹುಡುಗಿ, ಅವಳಿಗಿಂತ ದೊಡ್ಡವನ ಜೊತೆ ಹೋದಳು, ಪೋಕ್ಸೊ ಆಯಿತು. ಹೈಕೋರ್ಟು ಬಿಡುಗಡೆ ಮಾಡಿತು, ಸುಪ್ರೀಂ ಕೋರ್ಟು ಮತ್ತೆ ಅಪರಾಧಿ ಎಂದಿತು. ಆದರೆ ಶಿಕ್ಷೆ ಹೇಳುವ ಮುಂಚೆ ತಜ್ಞರ ಸಮಿತಿ ಮಾಡಿ, ಈಗ ದೊಡ್ಡವಳಾದ ಆ ಹುಡುಗಿಯನ್ನೇ ಮಾತಾಡಿಸಲು ಕಳಿಸಿತು. ಅಪರಾಧಕ್ಕಿಂತ ಹೆಚ್ಚಾಗಿ ಆಮೇಲೆ ಪೊಲೀಸು, ಕೋರ್ಟು, ಬಿಟ್ಟುಹಾಕಿದ ಮನೆಯವರು, ಇವರಿಂದಲೇ ಆಕೆ ನರಳಿದ್ದಾಳೆ, ತಿಳಿದು ಆಯ್ಕೆ ಮಾಡುವ ಅವಕಾಶವೇ ಆಕೆಗೆ ಮೊದಲು ಸಿಗಲಿಲ್ಲ ಎಂದು ಕೋರ್ಟು ಒಪ್ಪಿಕೊಂಡಿತು. ವಿಶೇಷ ಅಧಿಕಾರ ಬಳಸಿ ಶಿಕ್ಷೆ ವಿಧಿಸಲಿಲ್ಲ. ತೀರ್ಪನ್ನು ನೀವು ಒಪ್ಪಿ ಬಿಡಿ. ನಮ್ಮ ಗುಂಪಿನಲ್ಲೇ ಇಬ್ಬರು ಒಪ್ಪುವುದಿಲ್ಲ, ನಾಳೆ ಪ್ರತಿಯೊಬ್ಬ ಆರೋಪಿಯೂ ಇದನ್ನೇ ತೋರಿಸುತ್ತಾನೆ ಎನ್ನುತ್ತಾರೆ. ನಮ್ಮ ಪ್ರಶ್ನೆ ಬೇರೆ. ನೀನು ಏನು ಹೇಳುತ್ತೀಯಮ್ಮ ಎಂದು ಕೇಳುವ ಕೆಲಸ ದೆಹಲಿಯ ದೊಡ್ಡ ಕೋರ್ಟಿನವರೆಗೆ ಯಾಕೆ ಕಾಯಬೇಕಿತ್ತು? ಕೆಳಗಿನ ಮೆಟ್ಟಿಲಲ್ಲೇ ಕೇಳಿದ್ದರೆ ಏನಾಗುತ್ತಿತ್ತು?

ಎರಡನೇ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಅದನ್ನು ನಾವು ಗೌರವಿಸುತ್ತೇವೆ. "ಮತ್ತೆ ಮತ್ತೆ ಕೇಳಿದರೆ ಗಾಯ ಕೆದಕಿದಂತೆ ಆಗುವುದಿಲ್ಲವೇ?"

ಆಗುತ್ತದೆ, ಏನಾಯಿತು ಎಂದು ಕೇಳಿದರೆ. ಅದನ್ನು ಈಗಾಗಲೇ ಎಷ್ಟು ಜನ ಕೇಳುತ್ತಾರೆ ಎಣಿಸಿ. ಮೊದಲು ಮನೆಯವರು. ಆಮೇಲೆ ಠಾಣೆಯವರು. ಆಸ್ಪತ್ರೆಯ ಡಾಕ್ಟರು. ಮ್ಯಾಜಿಸ್ಟ್ರೇಟರು. ಮಕ್ಕಳ ಕಲ್ಯಾಣ ಸಮಿತಿ. ಕೌನ್ಸೆಲರು. ಕೊನೆಗೆ ಕೋರ್ಟಿನಲ್ಲಿ ಎರಡೂ ಕಡೆಯ ವಕೀಲರು. ಜೊತೆಗೆ ನಮ್ಮಂಥ ವರದಿಗಾರರು. ಆಗ ಯಾರಿಗೂ ಗಾಯದ ನೆನಪು ಬರುವುದಿಲ್ಲ. ನಾವು ಕೇಳಿ ಎನ್ನುತ್ತಿರುವ ಪ್ರಶ್ನೆಯೇ ಬೇರೆ. ಠಾಣೆಯಲ್ಲಿ ಏನು ಕಷ್ಟ ಆಯಿತು? ಯಾರು ಜೊತೆಗಿದ್ದರೆ ಅನುಕೂಲ ಆಗುತ್ತಿತ್ತು? ಮುಂದೆ ಬರುವ ಹುಡುಗಿಗೆ, ಹುಡುಗನಿಗೆ ಏನು ಬದಲಾಗಬೇಕು? ಒಂದು ಪ್ರಶ್ನೆ ಅವರನ್ನು ಸಾಕ್ಷಿ ಮಾಡುತ್ತದೆ, ಇನ್ನೊಂದು ಅವರನ್ನು ತಿಳಿದವರು ಎಂದು ಒಪ್ಪುತ್ತದೆ.

ಕೇಳಿದರೆ ಏನು ಸಿಗುತ್ತದೆ ಎಂಬುದಕ್ಕೆ ನಮಗೆ ಸಿಕ್ಕ ಕೆಲವು ಉತ್ತರ ಹೇಳುತ್ತೇವೆ. ಹೇಳಿಕೆ ಬರೆದುಕೊಳ್ಳಲು ಬರುವ ಪೊಲೀಸರು ಸಮವಸ್ತ್ರದಲ್ಲಿ ಇರಬಾರದು ಎಂದು ಕಾಯ್ದೆ ಹೇಳುತ್ತದೆ. ಒಂದು ಮನೆಗೆ ಮಹಿಳಾ ಎಸ್‌ಐ ಸೀರೆಯುಟ್ಟೇ ಬಂದರು. ಆದರೆ ಬಂದದ್ದು ಪೊಲೀಸ್ ಎಂದು ಬರೆದ ಜೀಪಿನಲ್ಲಿ, ನಿಲ್ಲಿಸಿದ್ದು ಅಂಗನವಾಡಿ ಮುಂದೆ. ಇನ್ನೊಬ್ಬಳ ವರ್ಗಾವಣೆ ಪತ್ರದಲ್ಲಿ ವಿಳಾಸ ಅಂತ ಬಾಲಮಂದಿರದ ವಿಳಾಸ ಬರೆದರು. ಹೊಸ ಶಾಲೆಯ ಕ್ಲರ್ಕಿಗೆ ಅಷ್ಟು ಸಾಕಾಯಿತು. ಒಬ್ಬ ಹುಡುಗ ಹೇಳಿದ್ದು ನಮಗೆ ಇನ್ನೂ ಕಿವಿಯಲ್ಲಿದೆ. "ಎಲ್ಲಾ ಪೋಸ್ಟರಿನ್ಯಾಗೂ ಹುಡುಗಿ ಚಿತ್ರನ ಐತ್ರಿ. ನನಗಾಗಿದ್ದು ಅದಲ್ಲ ಅಂತ ಅನ್ಕೊಂಡಿದ್ದೆ." ಪೋಕ್ಸೊದಲ್ಲಿ ಗಂಡು ಹೆಣ್ಣು ಭೇದ ಇಲ್ಲ. 2007ರಲ್ಲಿ ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 13 ರಾಜ್ಯಗಳ 12,447 ಮಕ್ಕಳನ್ನೇ ನೇರವಾಗಿ ಕೇಳಿದಾಗ ಅರ್ಧಕ್ಕಿಂತ ಹೆಚ್ಚು ಮಕ್ಕಳು ಒಂದಲ್ಲ ಒಂದು ಬಗೆಯ ಲೈಂಗಿಕ ದೌರ್ಜನ್ಯ ಹೇಳಿಕೊಂಡರು. ಅವರಲ್ಲಿ ಗಂಡುಮಕ್ಕಳೇ ಸ್ವಲ್ಪ ಜಾಸ್ತಿ. ಕೇಳಿದ್ದಕ್ಕೆ ಅದು ಹೊರಗೆ ಬಂತು. ಆದರೂ ಪೋಸ್ಟರು ಬದಲಾಗಲಿಲ್ಲ.

ಮಗುವಿನ ಜೊತೆ ಠಾಣೆ, ಕೋರ್ಟಿಗೆ ಓಡಾಡಲು ಬೆಂಬಲ ವ್ಯಕ್ತಿಯನ್ನು ಕೊಡುವ ಪದ್ಧತಿ ಇದೆ. ಆ ವ್ಯಕ್ತಿ ಬೇಡ ಅನಿಸಿದರೆ ಮಗು ಬೇಡ ಎನ್ನಬಹುದು, ಕಾರಣ ಕೊಡಬೇಕಿಲ್ಲ. ಇದೂ ನಿಯಮದಲ್ಲಿದೆ. ನಾವು ಮಾತಾಡಿಸಿದ ಯಾರಿಗೂ ಇದನ್ನು ಯಾರೂ ಹೇಳಿರಲಿಲ್ಲ. ಮಕ್ಕಳಿಗೆ ಕೊಟ್ಟ ಅತಿ ಒಳ್ಳೆಯ ಹಕ್ಕು ಅದು, ಮಕ್ಕಳಿಂದಲೇ ಮುಚ್ಚಿಟ್ಟಿದ್ದಾರೆ. 1098 ಸಹಾಯವಾಣಿಯನ್ನು 2023ರಲ್ಲಿ 112ರ ಜೊತೆ ಜೋಡಿಸಿದರು. ಪೊಲೀಸರಿಗೆ ಹೆದರುವ ಮಗುವಿಗೆ ಇದು ಹೇಗೆ ಕಾಣುತ್ತದೆ ಎಂದು, ಹಿಂದೆ ಆ ನಂಬರಿಗೆ ಫೋನ್ ಮಾಡಿದ ಮಕ್ಕಳನ್ನು ಕೇಳಿದ್ದಾಗಿ ನಾವಂತೂ ಎಲ್ಲೂ ಓದಿಲ್ಲ.

ಈಗ ನಮ್ಮ ಕಡೆಯ ಜನರಿಗೂ ಒಂದು ಮಾತು. ಭಾಗವಹಿಸುವಿಕೆ ಎಂದ ಕೂಡಲೇ ಕೆಲವು ಸಂಸ್ಥೆಗಳು ಮಾಡುವ ಕೆಲಸ ನಮಗೆ ಗೊತ್ತು. ಮುಖಕ್ಕೆ ದುಪಟ್ಟಾ ಸುತ್ತಿ ಒಬ್ಬಳನ್ನು ವೇದಿಕೆಗೆ ಹತ್ತಿಸುವುದು, ಆಕೆ ಅಳುವುದು, ಸಭಿಕರು ಕಣ್ಣೊರೆಸಿಕೊಳ್ಳುವುದು, ಶಾಲು ಹೊದಿಸಿ ಕಳಿಸುವುದು. ಆಮೇಲೆ ಫೋಟೊ ವರದಿಗೆ ಹೋಗುತ್ತದೆ. ಇದನ್ನು ನಾವು ಕೇಳುತ್ತಿಲ್ಲ, ಇದು ನಿಲ್ಲಬೇಕು. ಕಥೆ ಹೇಳಿಸಿಕೊಂಡು ಕಳಿಸುವುದಕ್ಕೂ ಸಭೆಯ ಟೇಬಲ್ಲಿಗೆ ಕರೆದು ಕೂರಿಸುವುದಕ್ಕೂ ವ್ಯತ್ಯಾಸ ಇದೆ. ಟೇಬಲ್ಲಿಗೆ ಬಂದವಳು ತನಗೇನಾಯಿತು ಎಂದು ಒಂದಕ್ಷರವೂ ಹೇಳಬೇಕಿಲ್ಲ. ಸುಮ್ಮನೆ, "ಈ ಫಾರಂ ಮೂರನೇ ಪುಟ ತೆಗೀರಿ" ಎಂದರೆ ಸಾಕು, ಅವರು ತೆಗೆಯಬೇಕು. ತೆಗೆಯದಿದ್ದರೆ ಯಾಕೆ ಎಂದು ಆಕೆಗೆ ಬರೆದು ತಿಳಿಸಬೇಕು.

ಚಿಕ್ಕ ಮಕ್ಕಳನ್ನು ಸಭೆಗೆ ಎಳೆತರಬೇಕಿಲ್ಲ. ಹದಿನೆಂಟು ದಾಟಿದವರು ಇದ್ದಾರೆ. ಬಾಲಮಂದಿರದಿಂದ ಹೊರಗೆ ಬಂದು 21ರವರೆಗೆ ಅನುಪಾಲನೆಯಲ್ಲಿ ಇರುವವರಿದ್ದಾರೆ, ಅದರಾಚೆಗೂ ದಾಟಿ ಬದುಕು ಕಟ್ಟಿಕೊಂಡವರಿದ್ದಾರೆ. ಪಕ್ಕದ ಆಂಧ್ರದಲ್ಲಿ ಕಳ್ಳಸಾಗಣೆಯಿಂದ ಪಾರಾಗಿ ಬಂದ ಹೆಣ್ಣುಮಕ್ಕಳದ್ದೇ ವಿಮುಕ್ತಿ ಎಂಬ ವೇದಿಕೆ ಇದೆ, ಅಧಿಕಾರಿಗಳ ಮುಂದೆ ಕೂತು ಮಾತಾಡುತ್ತಾರೆ. ನಮ್ಮ ಜಿಲ್ಲಾ ಸಮಿತಿಗಳಲ್ಲಿ ಇಂಥ ಇಬ್ಬರು ಇರಲಿ. ಒಬ್ಬರೇ ಬೇಡ, ಒಂಟಿಯಾದರೆ ಬಾಯಿ ಕಟ್ಟುತ್ತದೆ. ಅವರು ಯಾರು ಎಂಬುದು ಸಮಿತಿಯ ಹೊರಗೆ ಗೊತ್ತಾಗಬಾರದು. ಆ ದಿನದ ಕೂಲಿ ಹೋಗುತ್ತದೆ, ಅದನ್ನು ಕೊಡಿ. ತಜ್ಞರಿಗೆ ಗೌರವಧನ ಕೊಡುವಾಗ ಬರುವ ಕೈ ಇವರ ಮುಂದೆ ಯಾಕೆ ಹಿಂದೆ ಸರಿಯುತ್ತದೆ? ಬರಲು ಇಷ್ಟವಿಲ್ಲದವರನ್ನು ಬಿಟ್ಟುಬಿಡಿ. ಬಂದವರು ನಾಳೆಯಿಂದ ಸಾಕು ಎಂದರೂ ಬಿಟ್ಟುಬಿಡಿ.

ಓದುವ ನೀವು ಅಧಿಕಾರಿಗಳಲ್ಲ, ಗೊತ್ತು. ಆದರೆ ನಿಮ್ಮಲ್ಲಿ ಪಂಚಾಯಿತಿ ಸದಸ್ಯರಿದ್ದೀರಿ, ಆಶಾ ಅಕ್ಕಂದಿರು, ಎಸ್‌ಡಿಎಂಸಿಯವರು ಇದ್ದೀರಿ. ಈ ಸಲದ ಮಕ್ಕಳ ಗ್ರಾಮಸಭೆಯಲ್ಲಿ ಇಂಥ ವಿಷಯ ಎದ್ದು ನಿಂತು ಹೇಳಿ ಎಂದು ಯಾವ ಮಗುವನ್ನೂ ಒತ್ತಾಯಿಸಬೇಡಿ. ಸಭೆಗೆ ಹದಿನೈದು ದಿನ ಮುಂಚೆ ಶಾಲೆಯಲ್ಲಿ ಒಂದು ಪೆಟ್ಟಿಗೆ ಇಡಿ, ಹೆಸರು ಬರೆಯಬೇಡಿ ಎಂದು ಹೇಳಿ. ಊರಲ್ಲಿ ಯಾವ ಜಾಗಕ್ಕೆ ಹೋಗಲು ಹೆದರಿಕೆ, ಯಾರಿಗೆ ಹೇಳಿದರೆ ನಂಬುತ್ತಾರೆ, ಯಾರಿಗೆ ಹೇಳಲು ಆಗುವುದಿಲ್ಲ, ಇಷ್ಟು ಕೇಳಿ. ಚೀಟಿಗಳನ್ನು ಮೈಕಿನಲ್ಲಿ ಓದಬೇಡಿ. ಯಾವುದಾದರೂ ಚೀಟಿಯಲ್ಲಿ ದೌರ್ಜನ್ಯದ ವಿಷಯ ಇದ್ದರೆ ಊರ ಹಿರಿಯರ ಪಂಚಾಯಿತಿ ಮಾಡದೆ 1098ಕ್ಕೋ ಪೊಲೀಸರಿಗೋ ತಿಳಿಸಿ. ಅದು ಕಾನೂನು, ಮುಚ್ಚಿಟ್ಟರೆ ನಿಮ್ಮ ಮೇಲೆ ಕೇಸು ಆಗುತ್ತದೆ.

ಆ ಹುಡುಗಿ ಒಂದು ಪುಟ ಬರೆದು ಕೊಟ್ಟಿದ್ದಾಳೆ. ಹೆಸರಿಲ್ಲ, ಊರಿಲ್ಲ. ತಾರೀಖಿನ ದಿನ ಬೇರೆ ಗಾಡಿ, ಜೀಪು ದೂರ ನಿಲ್ಲಿಸುವುದು, ಟಿಸಿಯಲ್ಲಿ ವಿಳಾಸ, ಹೀಗೆ ಏಳು ಸಾಲು. ಒಂದು ಪ್ರತಿ ಸಂಬಂಧಪಟ್ಟ ಕಚೇರಿಗೆ ಕೊಟ್ಟು ಸ್ವೀಕೃತಿ ತೆಗೆದುಕೊಂಡಿದ್ದೇವೆ. ಮುಂದಿನ ಸಭೆ ಬರುವ ತಿಂಗಳು ಎಂದಿದ್ದಾರೆ. ಇನ್ನೊಂದು ಪ್ರತಿ ನಮ್ಮ ಬ್ಯಾಗಿನಲ್ಲಿದೆ, ಆ ದಿನ ಹಿಂದಿನ ಸಾಲಿನಲ್ಲಿ ಕೂರುವುದಿಲ್ಲ.